ಜಗಳೂರು ಉತ್ತರಿಸದ ಭಾನುವಾರ

ಚನ್ನಗಿರಿಯ ಫೋಟೊ ಸ್ಟುಡಿಯೊ ಮಾಲೀಕ ಅರ್ಫಾತ್‌ಗೆ ತನ್ನ ಬುದ್ಧಿವಂತಿಕೆಯ ಮೇಲೆ ಭಾರಿ ಅಭಿಮಾನವಿತ್ತು. ಈಗ ಆ ಮಾತೆತ್ತಿದರೆ ಮೊದಲು ನಗುವವನು ಅವನೇ.

ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಅವನ ಅಂಗಡಿಗಳಿವೆ. ನಾಲ್ಕೂ ಊರಿನ ಮದುವೆ ಫೋಟೊಗಳು ನಾಲ್ಕು ಕಂಪ್ಯೂಟರುಗಳಲ್ಲಿ ಹಂಚಿಹೋಗಿ, ಎಲ್ಲೂ ಜಾಗವಿಲ್ಲದಂತಾಗಿತ್ತು. ಕೂತು ಒಂದೊಂದೇ ಅಳಿಸುವ ತಾಳ್ಮೆ ಯಾರಿಗಿದೆ? ಯೂಟ್ಯೂಬ್ ನೋಡಿ ತಾನೇ ಒಂದು ಪ್ರೋಗ್ರಾಂ ಬರೆದ. ಪ್ರತಿ ಭಾನುವಾರ ಅದು ಒಂದೊಂದು ಫೋಟೊ ಹಿಡಿದು ನಾಲ್ಕು ಅಂಗಡಿಗಳನ್ನೂ ಕೇಳುತ್ತಿತ್ತು: ಇದು ಬೇಕೆ? ಒಂದು ಅಂಗಡಿ ಬೇಕೆಂದರೂ ಉಳಿಸುತ್ತಿತ್ತು. ಯಾರೂ ಬೇಕೆನ್ನದಿದ್ದರೆ ಎಲ್ಲ ಕಡೆಯಿಂದಲೂ ಅಳಿಸುತ್ತಿತ್ತು.

“ಕಸ ತಾನೇ ಗುಡಿಸ್ಕಂತೈತೆ ನೋಡ್ರಿ” ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡ.

ಒಂದು ಭಾನುವಾರ ರಸ್ತೆ ಅಗೆಯುವವರು ಜಗಳೂರಿನ ಕೇಬಲ್ ಕಡಿದರು. ಅಲ್ಲಿಂದ ಉತ್ತರವೇ ಬರಲಿಲ್ಲ. ಉತ್ತರ ಬರದಿದ್ದರೆ ಕಾಯಬೇಕೆಂದು ಅರ್ಫಾತ್ ಬರೆದಿರಲೇ ಇಲ್ಲ. ಹೆಂಡತಿ ಜಹಾನಾರಾ ಸುಮ್ಮನಿದ್ದಾಗಲೆಲ್ಲ ಒಪ್ಪಿದಳೆಂದುಕೊಂಡು ಹನ್ನೆರಡು ವರ್ಷ ಸಂಸಾರ ಮಾಡಿದ ಮಹಾನುಭಾವ, ಕಂಪ್ಯೂಟರಿಗೂ ಅದೇ ಬುದ್ಧಿ ಕಲಿಸಿದ್ದ. ಸುಮ್ಮನಿರುವವರಿಗೆ ಏನೂ ಬೇಡ ಎಂದು ಅದು ತೀರ್ಮಾನಿಸಿತು. ಜಗಳೂರಿನ ಮದುವೆಗಳೆಲ್ಲ ಗುಡಿಸಿ ಗುಂಡಾಂತರವಾದವು.

ಕೇಬಲ್ ಸರಿಹೋದ ಕೂಡಲೇ ಜಗಳೂರಿನ ಕಂಪ್ಯೂಟರಿನಲ್ಲಿ ಉಳಿದಿದ್ದವೂ ಅಳಿಸಿಹೋದವು. ಅಲ್ಲಿನ ಅಂಗಡಿಯಲ್ಲಿ ಅವನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಬಿಳಿಚೋಡಿನ ಲಕ್ಷ್ಮಕ್ಕ ಬಂದರು. ಗಂಡ ತೀರಿಕೊಂಡಿದ್ದರು. ಹನ್ನೊಂದನೆಯ ದಿನಕ್ಕೆ ಹಾರ ಹಾಕಲು ಫೋಟೊ ಬೇಕಿತ್ತು.

“ಆಧಾರ್ ಕಾರ್ಡ್‌ನಾಗೆ ಕಳ್ಳನಂಗೆ ಕಾಣ್ತಾರೆ. ಮಗಳ ಮದುವೆ ಫೋಟೊದಾಗಿಂದ ಅವರ ಮುಖ ತೆಗೆದು ದೊಡ್ಡದು ಮಾಡಿಕೊಡಪ್ಪ.”

ಕಂಪ್ಯೂಟರ್ ಕೆಟ್ಟೈತೆ ಎನ್ನಲು ಅರ್ಫಾತ್ ಬಾಯಿ ತೆರೆದ. ಆಕೆಯ ಮುಖ ನೋಡಿ ನಾಚಿಕೆಯಾಯಿತು.

“ನಾನೇ ಅಳಿಸಿಬಿಟ್ಟೆ, ಅಮ್ಮ.”

ಲಕ್ಷ್ಮಕ್ಕ ಬಯ್ಯಲಿಲ್ಲ. “ಹೋಗ್ಲಿ, ಬ್ಯಾರೆಯೋರ ಮದುವ್ಯಾಗೆ ಹುಡುಕು. ಊಟ ಐತೆ ಅಂದ್ರೆ ನಮ್ಮ ಯಜಮಾನ್ರು ಹೊನ್ನಾಳಿತನಕ ಹೋಗೋರು.”

ಪ್ರೋಗ್ರಾಂ ಬಂದ್ ಮಾಡಿ, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಳಿದ ಮೂರು ಊರುಗಳ ಊಟದ ಪಂಕ್ತಿಯ ಫೋಟೊಗಳನ್ನೆಲ್ಲ ಎರಡು ದಿನ ಕಣ್ಣಾರೆ ಸೋಸಿದ. ಕೊನೆಗೆ ಹೊನ್ನಾಳಿಯ ಯಾರದೋ ಮದುವೆಯಲ್ಲಿ ಸಿಕ್ಕರು, ಬಾಯಿತುಂಬ ಹೋಳಿಗೆ.

“ಬಾಯಿ ಸರಿಮಾಡ್ಲೇನ್ರಿ?”

“ಬ್ಯಾಡ. ಹಿಂಗೇ ಇದ್ರು” ಎಂದು ಲಕ್ಷ್ಮಕ್ಕ ಅತ್ತರು. ಅರ್ಫಾತ್ ಹಾಗೇ ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಟ್ಟ.

ಆಮೇಲೆ ಆಕೆ ಕಣ್ಣೊರೆಸಿ, ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ನೆಟ್ಟಗೆ ಕೂತರು.

“ನಂದೂ ಒಂದು ಹಿಡಿದು ಈಗ್ಲೇ ಕೈಗೆ ಕೊಡಪ್ಪ. ನಿನ್ನ ಹತ್ರ ಇಟ್ರೆ ಉಳಿಯಾಕಿಲ್ಲ.”