ನಮ್ಮ ಮನೆಯವರ ಕಾಫಿಗೆ ಸಿಹಿ ಹುಡುಕಿದ್ದು

ನನ್ನ ಗಂಡ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಅವರ ಕಣ್ಣೆದುರಿಗೇ ದಿನವೂ ಮೂಟೆಗಟ್ಟಲೆ ಸಕ್ಕರೆ ಹಿಟ್ಟಿಗೆ ಬೀಳುತ್ತದೆ. ಬಿಸಿಬಿಸಿಯಾಗಿ ಹೊರಬರುವ ಪ್ರತಿ ಬ್ಯಾಚಿನಿಂದಲೂ ಒಂದು ತುಂಡು ಬಾಯಿಗೆ ಹಾಕಿಕೊಂಡು ತಲೆಯಾಡಿಸುವುದು ಅವರ ಕೆಲಸದ ಭಾಗ. ಆದರೂ ಕಂಪನಿ ಮಾಡಿಸಿದ ತಪಾಸಣೆಯಲ್ಲಿ ರಕ್ತದ ಸಕ್ಕರೆ ಗಡಿ ದಾಟಿದೆ ಎಂದು ಬಂದಾಗ ಅವರಿಗಾದ ಆಶ್ಚರ್ಯ ನೋಡಬೇಕಿತ್ತು. ಲ್ಯಾಬಿನವರು ಬೇರೆ ಯಾರದೋ ರಕ್ತವನ್ನು ತನ್ನ ಸೀಸೆಗೆ ತುಂಬಿದ್ದಾರೆ ಎಂದು ಎರಡು ದಿನ ವಾದಿಸಿದರು.

ಪಾರ್ಕ್‌ಲ್ಯಾಂಡ್ಸಿನ ನಮ್ಮ ಡಾಕ್ಟರು ಇಲ್ಲಿಯ ಕಿಕುಯು ಸಮುದಾಯದ ಹೆಂಗಸು, ತಾಳ್ಮೆ ಜಾಸ್ತಿ, ಮಾತು ಕಡಿಮೆ. "ಮೊದಲು ಟೀ, ಕಾಫಿಯ ಸಕ್ಕರೆ ನಿಲ್ಲಿಸಿ. ಸಿಹಿ ಬೇಕೇ ಬೇಕು ಅಂದರೆ ಬದಲಿ ಏನಾದರೂ ಹಾಕಿಕೊಳ್ಳಿ. ಕೆಲವು ವಾರ ಬಿಟ್ಟು ಮತ್ತೆ ನೋಡೋಣ," ಎಂದರು. ಬಿಸ್ಕತ್ತಿನ ವಿಷಯ ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದಾಗ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಹೈರಿಡ್ಜ್‌ನ ಮನೆಗೆ ಕಾರಿನಲ್ಲಿ ವಾಪಸು ಹೊರಟೆವು. ನಮ್ಮ ಗೇಟಿನ ಹತ್ತಿರ ಬಂದಾಗ ಅವರು ಕೇಳಿದರು: "ಸಕ್ಕರೆ ಇಲ್ದೆ ಕಾಫಿ ಕುಡಿಯೋದು ಅಂದ್ರೆ ಏನೇ ಅರ್ಥ? ಅದಕ್ಕಿಂತ ಬಿಸಿನೀರು ಕುಡೀಬಹುದಲ್ಲ?"

"ಕುಡೀರಿ. ನನಗೆ ಡಿಕಾಕ್ಷನ್ ಇಳಿಸೋ ಕೆಲಸವೂ ಉಳಿಯುತ್ತೆ," ಎಂದೆ.

ನನ್ನ ಬಾಯಿ ಹಾಗೆಂದಿತೇ ಹೊರತು ಒಳಗೆ ಭಯವಿತ್ತು. ಅವರ ತಂದೆ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡವರು. ನಾನು ಸೊಸೆಯಾಗಿ ಹೋದಾಗ ಅವರು ನನ್ನನ್ನು ಬಳೆ ಸದ್ದಿನಿಂದಷ್ಟೇ ಗುರುತಿಸುತ್ತಿದ್ದರು. ಈ ಮಾತನ್ನು ಮಗನಿಗೆ ನೆನಪಿಸಿದರೆ "ಅವರ ಕಾಲದಲ್ಲಿ ಔಷಧಿ ಇರಲಿಲ್ಲ" ಎಂದು ಟಿವಿಯ ಸದ್ದು ಹೆಚ್ಚಿಸುತ್ತಿದ್ದರು.

ಹೀಗೆ ಬದಲಿ ಸಿಹಿಯ ಹುಡುಕಾಟ ಶುರುವಾಯಿತು. ಮಗಳಿಗೆ ಗಂಡು ನೋಡುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ. ಮೊದಲು ಬಂದದ್ದು ಹಸಿರು ಎಲೆಯ ಚಿತ್ರವಿದ್ದ ಸ್ಟೀವಿಯಾ ಡಬ್ಬಿ. ನ್ಯೇರಿಯ ಕಾಫಿ ಬೀಜ ಹುರಿಸಿ, ಬೆಂಗಳೂರಿನಿಂದ ತಂದ ಚಿಕೋರಿ ಬೆರೆಸಿ ನಾನು ಇಳಿಸಿದ ಡಿಕಾಕ್ಷನ್ನಿಗೆ ಒಂದು ಚಿಟಿಕೆ ಹಾಕಿದೆ. ಇವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಕೆಮ್ಮಿಗೆ ಜ್ಯೇಷ್ಠಮಧು ಅಗಿದ ಹಾಗಿದೆ ಕಣೇ. ಯಾರಿಗೆ ಕೆಮ್ಮು?" ಆಮೇಲೆ ಸಕ್ಕರೆಯಂತೆಯೇ ಕಾಣುವ ಹರಳು ಬಂತು. ಅದನ್ನು ಹಾಕಿದ ಕಾಫಿ ಬಿಸಿಯಾಗಿದ್ದರೂ ನಾಲಿಗೆಗೆ ತಣ್ಣಗೆ, ಆಗತಾನೇ ಹಲ್ಲುಜ್ಜಿ ಬಂದ ಹಾಗೆ. ಮೇಲಾಗಿ ಅವರ ಹೊಟ್ಟೆಯೊಳಗೆ ಎದ್ದ ಗುಡುಗು ಪಕ್ಕದ ಕೋಣೆಗೂ ಕೇಳುತ್ತಿತ್ತು. ಫ್ಯಾಕ್ಟರಿಯ ಮೀಟಿಂಗಿನಲ್ಲಿ ಹೀಗಾದ ಮೇಲೆ ಆ ಪೊಟ್ಟಣ ಅಡುಗೆಮನೆಯ ಮೇಲಿನ ಶೆಲ್ಫು ಸೇರಿತು.

ಕೊನೆಗೆ ಸ್ವೀಟ್ನರ್ ಮಾತ್ರೆಗೆ ಒಪ್ಪಿದರು. ಪುಟ್ಟ ಪ್ಲಾಸ್ಟಿಕ್ ಡಬ್ಬಿ. ತಲೆ ಒತ್ತಿದರೆ ಟಿಕ್ ಎಂದು ಒಂದು ಮಾತ್ರೆ ಲೋಟಕ್ಕೆ ಬೀಳುತ್ತದೆ. ರುಚಿಗಿಂತ ಆ ಟಿಕ್ ಸದ್ದೇ ಅವರಿಗೆ ಹಿಡಿಸಿತೆಂದು ಕಾಣುತ್ತದೆ. ಅಂಗಿ ಜೇಬಿನಲ್ಲಿಟ್ಟುಕೊಂಡು ಹೋದ ಕಡೆಯಲ್ಲೆಲ್ಲ, ದೊಡ್ಡ ಒಪ್ಪಂದಕ್ಕೆ ಸಹಿ ಹಾಕುವವರಂತೆ ಹೊರತೆಗೆದು ಒತ್ತುತ್ತಿದ್ದರು. ನನಗೂ ನೆಮ್ಮದಿಯಾಯಿತು.

ಆಗ ನಮ್ಮ ಮನೆಗೆ ಬಂದವರು ಇವರ ಸ್ನೇಹಿತರೊಬ್ಬರು. ಬೆಂಗಳೂರಿನವರು, ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಪೌಷ್ಟಿಕ ಆಹಾರದ ಸಲಹೆಗಾರರು. ಹಸಿವಿನ ಮೇಲಿನ ಕಾರ್ಯಾಗಾರಗಳನ್ನು ನೈವಾಷಾ ಸರೋವರದ ದಡದ ರೆಸಾರ್ಟುಗಳಲ್ಲಿ ನಡೆಸಿ ಬಂದು, ಅಲ್ಲಿಯ ಬಫೆ ಮೊದಲಿನಂತಿಲ್ಲ ಎಂದು ಭಾನುವಾರ ನಮ್ಮ ಸೋಫಾದ ಮೇಲೆ ಕೂತು ಕೊರಗುವವರು. ಅವರ ಹೆಂಡತಿ ಉಡುಪಿ ಕಡೆಯವರು, ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಗಂಡ ಮಾತಾಡುವಾಗ ಆಕೆ ಗೋಡೆಯ ಕ್ಯಾಲೆಂಡರು ಓದುತ್ತಿರುತ್ತಾರೆ.

ಇವರು ಟಿಕ್ ಎನಿಸಿದ್ದೇ ತಡ, ಸ್ನೇಹಿತರು ಹಾವು ಕಂಡವರಂತೆ ಕಾಲು ಮೇಲೆತ್ತಿದರು.

"ಏನ್ ಸಾರ್ ಇದು? ಪ್ಯೂರ್ ಕೆಮಿಕಲ್! ನಿಮ್ಮ ಬಾಡಿ ಏನು ಲ್ಯಾಬೊರೇಟರೀನಾ?"

"ಡಾಕ್ಟ್ರು ಹೇಳಿದ್ರು…" ಎಂದರು ನನ್ನ ಗಂಡ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.

"ಡಾಕ್ಟ್ರಿಗೆ ನ್ಯೂಟ್ರಿಷನ್ ಎಲ್ಲಿ ಗೊತ್ತಿರುತ್ತೆ? ಬೆಲ್ಲ ತಗೊಳ್ಳಿ ಸಾರ್, ಬೆಲ್ಲ. ನ್ಯಾಚುರಲ್. ಐರನ್ ಇದೆ, ಮಿನರಲ್ಸ್ ಇದೆ. ನಮ್ಮ ಅಜ್ಜಂದಿರಿಗೆ ಶುಗರ್ ಇತ್ತಾ? ಇಪ್ಪತ್ತು ವರ್ಷದಿಂದ ನಮ್ಮನೇಲಿ ಬೆಲ್ಲದ ಕಾಫೀನೇ. ನನ್ನ ನೋಡಿ!"

ನೋಡಿದೆವು. ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತಿತ್ತು. ಅಕ್ಕ ಕ್ಯಾಲೆಂಡರಿನಲ್ಲಿ ಮುಂದಿನ ಏಕಾದಶಿ ಹುಡುಕುತ್ತಿದ್ದರು.

ಸಕ್ಕರೆ ಬಿಟ್ಟ ಮನುಷ್ಯನಿಗೆ, ಬೇರೆ ಅಂಗಿ ತೊಟ್ಟು ಬಂದ ಸಕ್ಕರೆಯನ್ನೇ ತಿನ್ನಬಹುದು ಎಂದು ಓದಿದವರೊಬ್ಬರು ಅನುಮತಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಮರುದಿನವೇ ಮಾತ್ರೆಯ ಡಬ್ಬಿ ಕಸಕ್ಕೆ ಹೋಗಿ, ಅಚ್ಚುಬೆಲ್ಲ ಮನೆಗೆ ಬಂತು. ಮೊದಲ ದಿನ ಹಾಲಿಗೆ ಹಾಕಿ ಕುದಿಸಿದೆ, ಒಡೆದು ಹೋಯಿತು. ಆಮೇಲೆ ಒಲೆ ಆರಿಸಿ ಬೆರೆಸುವುದು ಕಲಿತೆ. ಹಿಂದೆ ಒಂದೂವರೆ ಚಮಚ ಸಕ್ಕರೆ ಸಾಕೆನ್ನುತ್ತಿದ್ದವರು ಈಗ "ಇನ್ನೂ ಸ್ವಲ್ಪ ಹಾಕೇ, ಐರನ್ ಇದೆ" ಎನ್ನತೊಡಗಿದರು. ಊಟದ ಮೇಲೆ ಒಂದು ತುಂಡು, ಟಿವಿ ಮುಂದೆ ಒಂದು ತುಂಡು. ಮೈಸೂರಿನ ತಂಗಿಗೆ ಫೋನ್ ಮಾಡಿ, ಬೆಲ್ಲದಿಂದ ತನ್ನ ಮೈಯಲ್ಲಿ ಹೊಸ ಚೈತನ್ಯ ಬಂದಿದೆ ಎಂದರು. ನಾನು ಬೇಡವೆಂದರೆ, "ನೀನೇನು ನ್ಯೂಟ್ರಿಷನ್ ಓದಿದೀಯಾ?" ಎಂಬ ಪ್ರಶ್ನೆ. ಓದಿಲ್ಲ. ಗಣಿತ ಓದಿದ್ದೇನೆ, ಕಬ್ಬಿನಿಂದಲೇ ಎರಡೂ ಬಂದರೆ ಎರಡೂ ನೆಂಟರು ಎಂಬಷ್ಟು ಲೆಕ್ಕ ನನಗೆ ಬರುತ್ತದೆ.

ಮತ್ತೆ ಡಾಕ್ಟರ ಬಳಿ ಹೋದೆವು. ಆಕೆ ಹೊಸ ರಿಪೋರ್ಟು ನೋಡಿದರು, ಹಳೆಯದು ನೋಡಿದರು, ಕನ್ನಡಕ ತೆಗೆದರು. ಮೊದಲಿಗಿಂತ ಹೆಚ್ಚಾಗಿತ್ತು.

"ಸಕ್ಕರೆ ಬಿಟ್ಟಿಲ್ಲವೆ?"

"ಪೂರ್ತಿ ಬಿಟ್ಟಿದ್ದೇನೆ," ಎಂದರು ಇವರು, ಎದೆಯುಬ್ಬಿಸಿ. "ಬರೀ ಬೆಲ್ಲ."

"ಅದನ್ನು ನಾವಿಲ್ಲಿ ಏನೆನ್ನುತ್ತೇವೆ ಗೊತ್ತೆ? ಸುಕಾರಿ ಗುರು. ಸುಕಾರಿ ಅಂದರೇನು?"

ಇಷ್ಟು ವರ್ಷ ಈ ಊರಿನಲ್ಲಿದ್ದು ದಿನವೂ ಕೆಲಸಗಾರರ ಜೊತೆ ಸ್ವಾಹಿಲಿಯಲ್ಲಿ ವ್ಯವಹರಿಸುವ ಮನುಷ್ಯ, ಮೂರನೇ ಕ್ಲಾಸಿನ ಹುಡುಗನಂತೆ ಗೊಣಗಿದರು: "ಸಕ್ಕರೆ."

"ಇನ್ನೂ ಹೀಗೇ ನಡೆದರೆ ಕಣ್ಣಿನ ಡಾಕ್ಟರಿಗೆ ಕಾಗದ ಬರೆಯಬೇಕಾಗುತ್ತದೆ," ಎಂದು ಆಕೆ ಕನ್ನಡಕ ಮತ್ತೆ ಹಾಕಿಕೊಂಡರು.

ಕಣ್ಣು ಎಂದದ್ದೇ ಇವರ ಮುಖ ಬಿಳಿಚಿಕೊಂಡಿತು. ಈ ಸಲ ನಾನು ಕಾಲನ್ನು ದೂರ ಇಟ್ಟುಕೊಂಡು ಬಿಸ್ಕತ್ತಿನ ವಿಷಯವನ್ನೂ ಹೇಳಿಬಿಟ್ಟೆ.

ಸುಕಾರಿ ಸರಿ, ಗುರು ಯಾರೆಂಬುದು ನನಗೆ ಗೊತ್ತಿತ್ತು. ಆ ಭಾನುವಾರ ಅವರು ಸಪತ್ನೀಕರಾಗಿ ಬಂದರು. ನನ್ನ ಗಂಡ ರಿಪೋರ್ಟು ಮುಂದಿಟ್ಟರು. ಗುರುಗಳು ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

"ನಿಮ್ಮ ಬೆಲ್ಲ ಡೂಪ್ಲಿಕೇಟ್ ಇರ್ಬೇಕು ಸಾರ್. ಅದರೊಳಗೂ ಕೆಮಿಕಲ್ ಹಾಕಿರ್ತಾರೆ. ನನ್ನ ನಾಲಿಗೆಗೆ ಒಂದು ತೊಟ್ಟು ಬಿದ್ರೆ ಸಾಕು, ಕೆಮಿಕಲ್ ಯಾವ್ದು, ಒರಿಜಿನಲ್ ಯಾವ್ದು ಅಂತ ಹೇಳಿಬಿಡ್ತೀನಿ."

"ಹೌದಾ ಸಾರ್? ಈಗಲೇ ಹೇಳ್ತೀರಾ?" ಎಂದು ನಾನು ಎದ್ದೆ.

ಅಡುಗೆಮನೆಯಲ್ಲಿ ಒಂದೇ ಡಿಕಾಕ್ಷನ್ನಿನಿಂದ ಮೂರು ಲೋಟ ಕಾಫಿ ಮಾಡಿದೆ. ಒಂದಕ್ಕೆ ಬೆಲ್ಲ, ಒಂದಕ್ಕೆ ಸ್ಟೀವಿಯಾ, ಒಂದಕ್ಕೆ ಹೊಸದಾಗಿ ತಂದಿದ್ದ ಮಾತ್ರೆ. ಗುರುತಿಗೆ ಲೋಟಗಳ ತಳಕ್ಕೆ ಬೇರೆ ಬೇರೆ ಬಣ್ಣದ ಸ್ಟಿಕರ್ ಬಿಂದಿ ಅಂಟಿಸಿದೆ. ಅಕ್ಕ ನನ್ನ ಹಿಂದೆಯೇ ಬಂದು ಬಾಗಿಲಿಗೊರಗಿ ಎಲ್ಲ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಗುರುಗಳು ಮೊದಲು ಸ್ಟೀವಿಯಾ ಕುಡಿದರು. "ಥೂ, ಇದು ಎಂಥದೋ ಸೊಪ್ಪು." ಅದು ಸರಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ. ಎರಡನೆಯದು ಕುಡಿದು ಕಣ್ಣು ಚಿಕ್ಕದು ಮಾಡಿದರು. "ಇದೇ ನೋಡಿ ಕೆಮಿಕಲ್. ಗಂಟಲು ಕೆರೆಯುತ್ತೆ. ಹೇಗೆ ಕುಡೀತಾರೋ ಜನ!" ಮೂರನೆಯದನ್ನು ಕುಡಿದು, ಕಣ್ಣು ಮುಚ್ಚಿ, ಮತ್ತೆ ಕುಡಿದು, ಲೋಟ ಖಾಲಿ ಮಾಡಿದರು. "ಆಹಾ! ಇದು ಬೆಲ್ಲ. ಇದು ಒರಿಜಿನಲ್. ಮನೇಲಿ ದಿನಾ ಕುಡಿಯೋ ಟೇಸ್ಟ್!"

ನಾನು ಲೋಟಗಳನ್ನು ಮೇಲೆತ್ತಿ ತಳದ ಬಿಂದಿ ತೋರಿಸಿದೆ. ಗಂಟಲು ಕೆರೆದದ್ದು ಬೆಲ್ಲ. ಅವರು ಖಾಲಿ ಮಾಡಿದ್ದು ಮಾತ್ರೆ.

ನನ್ನ ಗಂಡ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ಗುರುಗಳು "ನೀವು ಬಿಂದಿ ಅದಲುಬದಲು ಮಾಡಿದೀರ ಮೇಡಂ" ಎಂದರು.

ಆಗ ಅಕ್ಕ ಕ್ಯಾಲೆಂಡರಿನಿಂದ ಕಣ್ಣು ತೆಗೆದರು. "ಅವಳು ಎಂಥದೂ ಮಾಡ್ಲಿಲ್ಲ ಮಾರಾಯ್ರೆ. ನಿಮ್ಗೆ ಸರೀ ಗೊತ್ತಾದದ್ದೇ. ಮನೆಯಲ್ಲಿ ದಿನಾ ಕುಡಿಯೂದು ಅದೇ."

"ಅಂದ್ರೆ?"

"ನಿಮ್ಗೂ ಶುಗರ್ ಬಂತಲ್ಲ, ನೀವು ಯಾರ ಹತ್ರವೂ ಹೇಳ್ಬೇಡ ಅಂದ್ರಿ. ನಾನು ಹೇಳ್ಲಿಲ್ಲ. ಅವತ್ತಿಂದ ಬೆಲ್ಲದ ಡಬ್ಬಿ ಬರೀ ತೋರಿಸ್ಲಿಕ್ಕೆ. ಲೋಟಕ್ಕೆ ಬೀಳೂದು ಮಾತ್ರೆ."

ಗುರುಗಳು ಖಾಲಿ ಲೋಟವನ್ನು ಎತ್ತಿ ಮತ್ತೊಮ್ಮೆ ತಳ ನೋಡಿದರು. ಹೆಂಡತಿ ಮೋಸ ಮಾಡಿದಳೆಂದು ಕೂಗಾಡುತ್ತಾರೇನೋ ಎಂದುಕೊಂಡೆ. ತನ್ನ ಕಾಯಿಲೆ ಬಯಲಾಯಿತೆಂದು ನಾಚಿಕೊಳ್ಳುತ್ತಾರೇನೋ ಎಂದುಕೊಂಡೆ. ಸಲಹೆಗಾರರನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಅವರು ಗಂಟಲು ಸರಿಪಡಿಸಿಕೊಂಡು, ಮೀಟಿಂಗಿನ ದನಿಯಲ್ಲಿ, "ಆಕ್ಚುಲಿ, ಮಾಡರೇಟ್ ಆಗಿ ತಗೊಂಡ್ರೆ ಮಾತ್ರೆ ಅಷ್ಟೇನೂ ಕೆಟ್ಟದಲ್ಲ. ಇದರ ಬಗ್ಗೆ ಈಗ ಹೊಸ ಥಿಂಕಿಂಗ್ ಇದೆ," ಎಂದರು. ಹೊಸ ಥಿಂಕಿಂಗಿಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ನನ್ನ ಗಂಡ ಮಾತ್ರೆಗೆ ಮರಳಿದರು. ಫ್ಯಾಕ್ಟರಿಯಲ್ಲಿ ಬಿಸ್ಕತ್ತಿನ ರುಚಿ ನೋಡುವ ಕೆಲಸವನ್ನು ಅಸಿಸ್ಟೆಂಟಿಗೆ ವಹಿಸಿದರು. ಅದು ತ್ಯಾಗವೆಂದು ತಿಳಿದು ಕೆಲವು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದರು. ಮುಂದಿನ ರಿಪೋರ್ಟಿನಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರು ಕೈ ಕುಲುಕಿದರು. ಇವರು ಹಿಂದಿರುಗುವ ದಾರಿಯುದ್ದಕ್ಕೂ ತಮ್ಮ ಮನೋಬಲದ ಬಗ್ಗೆ ಮಾತಾಡಿದರು. ನಾನು ಕಿಟಕಿಯಾಚೆ ನೋಡುತ್ತ, ಕಣ್ಣೊರೆಸಿಕೊಂಡದ್ದನ್ನು ಧೂಳಿನ ಮೇಲೆ ಹಾಕಿದೆ.

ಸ್ನೇಹಿತರೂ ಸುಮ್ಮನಿರಲಿಲ್ಲ. ಯುಗಾದಿಗೆ ನಮ್ಮ ಕನ್ನಡದವರೆಲ್ಲ ಸೇರಿದಾಗ ಮೈಕು ಹಿಡಿದು, ಬೆಲ್ಲದ ಬಗ್ಗೆ ಜನರಲ್ಲಿರುವ ಮೂಢನಂಬಿಕೆಗಳನ್ನು ಕುರಿತು ಮಾತಾಡಿದರು. "ಓದಿದವರೂ ನ್ಯಾಚುರಲ್ ಅನ್ನೋ ಪದಕ್ಕೆ ಮರುಳಾಗ್ತಾರೆ," ಎನ್ನುವಾಗ ನಮ್ಮ ಕಡೆ ಮರುಕದಿಂದ ನೋಡಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡನೂ ತಟ್ಟಿದರು.

ನನಗೆ ಉಳಿದದ್ದು ಅಕ್ಕನ ಸ್ನೇಹ. ಈಗ ಶನಿವಾರ ಬೆಳಿಗ್ಗೆ ಇಬ್ಬರೂ ಕಾರೂರಾ ಕಾಡಿನಲ್ಲಿ ನಡೆದು, ಮರಗಳ ಕೆಳಗಿನ ಕೆಫೆಯಲ್ಲಿ ಕೂರುತ್ತೇವೆ. ಮೊನ್ನೆ ಆಕೆಯನ್ನು ಕೇಳಿದೆ: "ಅಷ್ಟು ವರ್ಷ ಅವರು ಬೆಲ್ಲ ಬೆಲ್ಲ ಅಂತ ಊರಿಗೆಲ್ಲ ಭಾಷಣ ಮಾಡುವಾಗ ನಿಮಗೆ ಸಿಟ್ಟು ಬರಲಿಲ್ವಾ ಅಕ್ಕ?"

"ಸಿಟ್ಟು ಎಂತಕ್ಕೆ ಮಾರಾಯ್ತಿ? ಭಾಷಣ ಮಾಡುವವರಿಗೆ ಲೋಟದಲ್ಲಿ ಎಂತ ಉಂಟು ಅಂತ ನೋಡ್ಲಿಕ್ಕೆ ಪುರುಸೊತ್ತಿಲ್ಲ, ಕೊಟ್ಟದ್ದು ಕುಡೀತಾರೆ. ಅದೇ ಉಪಕಾರ," ಎಂದು ಆಕೆ ಮೆನು ಕಾರ್ಡು ನನ್ನ ಕಡೆ ತಿರುಗಿಸಿ, ಯಾವ ಕೇಕು ತರಿಸೋಣ ಎಂದು ಕೇಳಿದರು.