ನೀರಿಗೆ ಬಿದ್ದ ದಾಳ

ದಾಳದಪ್ಪನಿಗೆ ಆ ಅಡ್ಡಹೆಸರು ಬಂದದ್ದು ಕಸುಬಿನಿಂದ. ಮರದ ತುಂಡನ್ನು ಕೊಯ್ದು, ಉಜ್ಜಿ, ಆರೂ ಮುಖಕ್ಕೆ ಚುಕ್ಕಿ ಇಟ್ಟು ದಾಳ ಮಾಡುವುದು ಅವನ ಕೆಲಸ. ಮಾಡಿದ್ದನ್ನೆಲ್ಲ ನೀರಿನ ಬೋಗುಣಿಯಲ್ಲಿ ತೇಲಿಸಿ ನೋಡುವುದು ಹೆಂಡತಿಯ ಕೆಲಸ. ಎಷ್ಟು ಹೊರಳಿಸಿದರೂ ಒಂದೇ ಮುಖ ಮೇಲೆ ಬಂದರೆ ತೂಕದಲ್ಲಿ ಮೋಸ ಎಂದರ್ಥ. ಅಂಥದ್ದು ಸೀದಾ ಒಲೆಗೆ. ಗಂಡ ಮಾಡಿದ್ದೆಂದು ಅವಳು ಒಂದನ್ನೂ ಉಳಿಸಿದವಳಲ್ಲ.

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಒಂದು ಆಟ ಆಡಲೇಬೇಕು. ಮೂರು ಎಸೆತದಲ್ಲಿ ಕಡಿಮೆ ಚುಕ್ಕಿ ಬಿದ್ದವರು ಸೋತಂತೆ; ಸೋತವರು ಚಹಾ ಮಾಡಬೇಕು. ಮದುವೆಯಾದಾಗಿನಿಂದ ಇದೇ ಕಾನೂನು.

ಹೋದ ವರ್ಷ ಅವಳ ಬಲಗೈ ಸ್ವಾಧೀನ ತಪ್ಪಿ, ಆಟ ನಿಂತಿತು. ಈಗ ಬೆರಳುಗಳು ಮೆಲ್ಲಗೆ ಮಾತು ಕೇಳತೊಡಗಿವೆ, ಆದರೂ ಅಡುಗೆಮನೆಯಲ್ಲಿ ದಾಳದಪ್ಪನದೇ ಪಾರುಪತ್ಯ. "ನೀನು ಸುಮ್ನೆ ಕೂತಿರು" ಎನ್ನುವುದು ಅವನ ಪ್ರೀತಿಯ ಮಾತು.

"ಮತ್ತೆ ಆಟ ಆಡೋಣ ರೀ," ಎಂದಳು ಒಂದು ದಿನ. "ಸೋತ್ರೆ ಚಹಾ ನಾನೇ ಮಾಡ್ತೀನಿ. ಹೀಗೇ ಕೂತಿದ್ರೆ ನಾನೂ ಈ ಮನೆ ಕುರ್ಚಿ ಮೇಜಿನ ಲೆಕ್ಕಕ್ಕೆ ಸೇರ್ತೀನಿ."

ದಾಳದಪ್ಪ ಒಪ್ಪಿದ. ಕಣ್ಣ ಮುಂದೆ ಮಾತ್ರ ಒಂದೇ ಚಿತ್ರ: ಕುದಿಯುವ ನೀರು, ನಡುಗುವ ಕೈ! ಅವಳ ಹಿಡಿತಕ್ಕೆ ಸಿಗುವಂಥ ದೊಡ್ಡ ದಾಳವೊಂದನ್ನು ಮಾಡಿದ. ಮಾಡುವಾಗಲೇ, ಎದುರು ಮುಖದ ಆರು ಮೇಲೆ ಬರಲೆಂದು, ಒಂದರ ಚುಕ್ಕಿಯ ಕೆಳಗೆ ಸೀಸದ ಕಾಳು ಹುದುಗಿಸಿ ಬಣ್ಣ ಬಳಿದ. ಅವಳಿಗೆ ಅದು, ತನಗೆ ಹಳೆಯ ಪುಟ್ಟ ದಾಳ.

ಅವಳು ಎಸೆದಳು. ಆರು. ಮತ್ತೆ ಆರು. ಆಮೇಲೂ ಆರೇ. ಅವಳು ಎದ್ದು ಬೋಗುಣಿಗೆ ನೀರು ತುಂಬಿದಳು. ಆಗ ಹೊಳೆಯಿತು ದಾಳದಪ್ಪನಿಗೆ. ಮೋಸದ ದಾಳ ಹಿಡಿಯುವವಳ ಕೈಗೇ ಮೋಸದ ದಾಳ ಕೊಟ್ಟಿದ್ದ, ಪುಣ್ಯಾತ್ಮ!

ನೀರಿನಲ್ಲೂ ಆರೇ ಮೇಲೆ ಬಂತು. "ಏನ್ರೀ ಇದು?"

"ನೀನು ಕೈ ಸುಟ್ಕೋಬಾರ್ದು ಅಂತ ಕಣೇ..."

"ಸುಟ್ರೆ ಸುಡ್ಲಿ, ನನ್ನ ಕೈ ತಾನೆ? ಇನ್ನೊಂದು ಮಾಡಿ. ನೆಟ್ಟಗಿರೋದು."

ಮರುದಿನ ಪೆಚ್ಚು ಮೋರೆ ಹಾಕಿಕೊಂಡು ಹೊಸದನ್ನು ಮಾಡಿದ. ಅವಳು ತೇಲಿಸಿ, ಹೊರಳಿಸಿ, ತೃಪ್ತಿಯಾದ ಮೇಲೆ ಆಟಕ್ಕೆ ಕೂತಳು. ಒಂದು, ಎರಡು, ಮತ್ತೆ ಒಂದು. ಹೀನಾಯವಾಗಿ ಸೋತಳು.

ಅಭ್ಯಾಸಬಲದಿಂದ ದಾಳದಪ್ಪ ಅಡುಗೆಮನೆಯತ್ತ ಎದ್ದ.

"ಕೂತ್ಕೊಳ್ರೀ," ಎಂದಳು. ಮುಖ ಗೆದ್ದವಳಂತೆ ಅರಳಿತ್ತು. "ಸೋತಿದ್ದು ನಾನು!"

ಒಳಗೆ ಒಂದು ಪಾತ್ರೆ ಬಿತ್ತು. ಅವನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದ. ತುಂಬ ಹೊತ್ತಿನ ಮೇಲೆ ಚಹಾ ಬಂತು. ಅರ್ಧ ತಟ್ಟೆಗೆ ಚೆಲ್ಲಿತ್ತು, ಸಕ್ಕರೆ ಬಿದ್ದಿರಲಿಲ್ಲ. ದಾಳದಪ್ಪ ಅದನ್ನು ಕುಡಿದು, ಇನ್ನೊಂದು ಲೋಟ ಕೇಳಿದ.