ಮೆಮೊರಿಯ ವೇಗ ಹೆಚ್ಚಿಸಲು ಹೋಗಿ

ಮಗಳು ಕಾಲೇಜಿಗೆ ಪ್ರಾಜೆಕ್ಟು ಕೊಡಬೇಕಾದದ್ದು ಮರುದಿನ. ಅದಿದ್ದದ್ದು ಶಿರಸಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಇನ್ನಷ್ಟು ಚುರುಕು ಮಾಡುವ ಹುಕಿಯಲ್ಲಿ ಅವಳಪ್ಪ ಅದರ ಮೆಮೊರಿಯ ವೇಗ ನಿರ್ಧರಿಸುವ ಟೈಮಿಂಗ್ ಎಂಬ ಸೆಟ್ಟಿಂಗ್ ಬದಲಿಸಿದ್ದರು. ಆಮೇಲೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು.

“ಎನ್ನ ಪ್ರಾಜೆಕ್ಟು ಹೋದ್ರೆ ಅಪ್ಪನೇ ಕಾಲೇಜಿಗೆ ಬಂದು ಹೇಳವು,” ಎಂದಳು ಮಗಳು.

ಒಳಗಿನ ಬಿಲ್ಲೆಯಂಥ ಸೆಲ್ ತೆಗೆದರೆ ಹಳೆಯ ಟೈಮಿಂಗ್ ಮರಳುತ್ತದೆಂದು ಇವರು ಅದನ್ನು ತೆಗೆದು ತೆಗೆದು ಹಾಕಿದರು. ಏನೂ ಆಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಸೆಲ್ ತೆಗೆಯುವ ಮೊದಲು ಪ್ಲಗ್ಗಿನ ವೈರು ಕೀಳುವುದು ಬೇಡವೇ ಎಂದು ಕೇಳಿದೆ.

“ಕರೆಂಟೇ ಇಲ್ಲೆ, ವೈರು ಎಂತಕ್ಕೆ ತೆಗ್ಯವು?”

“ಇಲ್ನೋಡಿ, ಒಳಗೆ ಹಸಿರು ದೀಪ ಉರೀತಾ ಇದ್ದು.”

ಅಕ್ಕಿಕಾಳಿನಷ್ಟು ದೀಪ ಅದು. ಕಂಪ್ಯೂಟರಿನ ಪ್ಲಗ್ಗಿಗೆ ಇನ್ವರ್ಟರ್ ಜೋಡಿಸಿದವರು ಇವರೇ, ಮರೆತಿದ್ದರು. ವೈರಿನಲ್ಲಿ ವಿದ್ಯುತ್ ಬರುತ್ತಿರುವ ತನಕ ಸೆಲ್ ತೆಗೆದರೂ ಹೊಸ ಟೈಮಿಂಗ್ ಅಳಿಯುತ್ತಿರಲಿಲ್ಲ. ವೈರು ಕಿತ್ತರು. ದೀಪ ಆರಿದ ಮೇಲೆ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರು. ವೈರು ಸಿಕ್ಕಿಸಿ ಮತ್ತೆ ಗುಂಡಿ ಒತ್ತಿದರು. ಪರದೆ ಬೆಳಗಿತು.

ಮಗಳು ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತಳು. ಪ್ರಾಜೆಕ್ಟು ಸಿ.ಡಿ.ಗೆ ಇಳಿದು ಕೈಗೆ ಬಂದ ಮೇಲೆಯೇ ಅವಳು ಅಪ್ಪನ ಮುಖ ನೋಡಿದ್ದು.